ದಂಡ ಕಟ್ಟಲು ಎರಡು ನಿಮಿಷ, ‘ಅದು ನನ್ನ ಗಾಡಿಯಲ್ಲ’ ಎನ್ನಲು ಎರಡು ದಿನ

ಮಾನ್ಯ ಜಿಲ್ಲಾ ನ್ಯಾಯಾಧೀಶರಿಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದವರಿಗೆ, ಮತ್ತೆ ಮೊಬೈಲಿಗೆ ಚಲನ್ ಮೆಸೇಜ್ ಬಂದು ಏನು ಮಾಡುವುದೆಂದು ತಿಳಿಯದೆ ಕೂತಿರುವ ಉತ್ತರ ಕನ್ನಡದ ಎಲ್ಲರಿಗೂ,

ನಮಸ್ಕಾರ.

ನಾನು ಕುಮಟಾದಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್, ಮಕ್ಕಳ ಸ್ಕಾಲರ್‌ಶಿಪ್, ಎಲ್ಲಾ ಇಲ್ಲಿಗೇ ಬರುತ್ತವೆ. ಈಗೀಗ ಅದಕ್ಕೆ ಟ್ರಾಫಿಕ್ ಕ್ಯಾಮೆರಾದ ಚಲನ್ ಕೂಡ ಸೇರಿಕೊಂಡಿದೆ. ಜನ ಮೊಬೈಲ್ ಹಿಡಿದುಕೊಂಡು ಬಂದು, ಕನ್ನಡಕ ಹಣೆಗೆ ಏರಿಸಿ, "ತಂಗಿ, ಇದೇನು ಬಂದದೆ ನೋಡು" ಎನ್ನುತ್ತಾರೆ. ನಾನು ಓದಿ ಹೇಳುತ್ತೇನೆ. ಹೆಚ್ಚಿನವರು ಕಟ್ಟಿ ಹೋಗುತ್ತಾರೆ. ತಪ್ಪು ಮಾಡಿದವರು ಕಟ್ಟಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ತಪ್ಪು ಮಾಡದವರೂ ಕಟ್ಟಿ ಹೋಗುತ್ತಿದ್ದಾರೆ. ಈ ಪತ್ರ ಅವರಿಗಾಗಿ.

ಒಂದು ಮಧ್ಯಾಹ್ನ ಅಳ್ವೆಕೋಡಿ ಕಡೆಯ ಅಜ್ಜ ಒಬ್ಬರು ಬಂದರು. ಈರುಳ್ಳಿ ಬೆಳೆಯುವವರು. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ನಮ್ಮ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕಿ ಮಾರುತ್ತಾರಲ್ಲ, ಅಂಥವರಲ್ಲಿ ಒಬ್ಬರು. ಅವರ ಗಾಡಿ ಒಂದು ಹಳೇ ಎಕ್ಸೆಲ್ ಮೊಪೆಡ್. ಹಿಂದಿನ ಸೀಟು ತೆಗೆಸಿ, ಗೋಣಿಚೀಲ ಇಡಲು ಹಲಗೆ ಬಡಿಸಿಕೊಂಡಿದ್ದಾರೆ. ಆ ಗಾಡಿ ಹೊನ್ನಾವರ ದಾಟಿ ಹೋದದ್ದೇ ಅಪರೂಪ. ಮೆಸೇಜ್ ಬಂದದ್ದು ಮಾತ್ರ ಘಟ್ಟದ ಮೇಲಿನ ದೂರದ ಒಂದು ನಗರದ ಸಿಗ್ನಲ್‌ನಿಂದ. ಹೆಲ್ಮೆಟ್ ಇಲ್ಲ, 500 ರೂಪಾಯಿ ದಂಡ.

ಫೋಟೋ ತೆರೆದೆ. ಇಬ್ಬರು ಹುಡುಗರು, ದಪ್ಪ ಟ್ಯಾಂಕಿನ ಬೈಕು. ಮೂಲೆಯಲ್ಲಿ ನಂಬರ್ ಪ್ಲೇಟನ್ನು ದೊಡ್ಡದು ಮಾಡಿ ಹಾಕಿದ್ದರು. ಪ್ರಿಂಟ್ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಪ್ಲೇಟಿನಲ್ಲಿ ಇದ್ದದ್ದು ಕೆಎ 41. ಆ ಒಂದರ ತಲೆಯ ಪಕ್ಕದಲ್ಲೇ ಪ್ಲೇಟಿನ ಸ್ಕ್ರೂ ಇತ್ತು, ಅದರ ಸುತ್ತ ಸ್ವಲ್ಪ ತುಕ್ಕು. ಯಂತ್ರ ಆ ತುಕ್ಕನ್ನೂ ಅಂಕಿಗೆ ಸೇರಿಸಿ ಏಳು ಎಂದು ಓದಿಕೊಂಡಿದೆ. ಕೆಎ 41 ಬೆಂಗಳೂರಿನ ನೋಂದಣಿ, ಕೆಎ 47 ನಮ್ಮ ಹೊನ್ನಾವರದ್ದು. ಒಂದು ಸ್ಕ್ರೂ ಅಜ್ಜನನ್ನು ಆರೋಪಿ ಮಾಡಿತ್ತು.

ನಾನು, "ಅಜ್ಜ, ಇದು ನಿಮ್ಮ ಗಾಡಿಯೇ ಅಲ್ಲ, ಕಟ್ಟಬೇಡಿ" ಎಂದೆ. ಅಷ್ಟರಲ್ಲಿ ಅದು ವರ್ಚುವಲ್ ಕೋರ್ಟಿಗೆ, ಅಂದರೆ ಚಲನ್ ಕೇಸುಗಳನ್ನು ಆನ್‌ಲೈನಿನಲ್ಲೇ ನೋಡುವ ಕೋರ್ಟಿಗೆ ಹೋಗಿತ್ತು. ಅಲ್ಲಿ ಎರಡೇ ದಾರಿ. ಹೇಳಿದ ದಂಡ ಕಟ್ಟುತ್ತೇನೆ ಅನ್ನುವುದು ಒಂದು, ಪ್ರಕರಣ ಎದುರಿಸುತ್ತೇನೆ ಅನ್ನುವುದು ಇನ್ನೊಂದು. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಅದೂ ಫೋಟೋ ತೆಗೆದ ಜಾಗದ ಕೋರ್ಟಿಗೆ. ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದರು. ರಾತ್ರಿ ಬಸ್ಸಿಗೆ ಹೋಗಬೇಕು, ಮರುದಿನ ಕೋರ್ಟಿನಲ್ಲಿ ಕಾಯಬೇಕು, ಮತ್ತೆ ರಾತ್ರಿ ಬಸ್ಸಿಗೆ ವಾಪಸ್ ಬರಬೇಕು, ವಕೀಲರಿಗೆ ಕೊಡಬೇಕು, ಒಂದೇ ತಾರೀಕಿಗೆ ಮುಗಿಯುತ್ತದೆ ಎಂದು ಯಾರೂ ಹೇಳುವುದಿಲ್ಲ, ಅಷ್ಟರಲ್ಲಿ ಇಲ್ಲಿ ಈರುಳ್ಳಿ ಹಾಳಾಗುತ್ತದೆ. ಆಮೇಲೆ ಎಲೆಅಡಿಕೆ ಸಂಚಿಯಿಂದ ಐವತ್ತರ ನೋಟು, ಇಪ್ಪತ್ತರ ನೋಟು ತೆಗೆದು ಟೇಬಲ್ ಮೇಲೆ ಸರಿಮಾಡಿ ಇಟ್ಟರು. "ಕಟ್ಟಿಬಿಡು ತಂಗಿ, ನನಗೆ ಕೋರ್ಟು ಬೇಡ."

ನಾನು ಒತ್ತಿದೆ. ಎರಡು ನಿಮಿಷದಲ್ಲಿ ರಸೀದಿ ಬಂತು. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಮಾಡದ ತಪ್ಪಿಗೆ ಅವರ ಹೆಸರಿನಲ್ಲಿ ತಪ್ಪೊಪ್ಪಿಗೆ ದಾಖಲಾಯಿತು, ದಾಖಲು ಮಾಡಿದ್ದು ನನ್ನ ಕೈ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನಾನು ಕ್ಯಾಮೆರಾ ಬೇಡ ಅನ್ನುವವಳಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನನ್ನ ಚಿಕ್ಕಪ್ಪನ ಮಗ ಹೆದ್ದಾರಿ 66ರಲ್ಲಿ ರಾತ್ರಿ ಮನೆಗೆ ಬರುವಾಗ ಸತ್ತ. ಹಿಂದಿನಿಂದ ಬಂದ ಕಾರು ಗುದ್ದಿ, ನಿಲ್ಲಿಸದೆ ಹೋಯಿತು. ಯಾವ ಕಾರು, ಯಾವ ಊರಿನದು, ಇವತ್ತಿಗೂ ಗೊತ್ತಿಲ್ಲ. ಆ ಜಾಗದಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ. ರಸ್ತೆ ನಾಲ್ಕು ಲೇನ್ ಆಯಿತು, ವೇಗವೂ ಜಾಸ್ತಿ ಆಯಿತು. ಶನಿವಾರ ಭಾನುವಾರ ಗೋಕರ್ಣ, ಮುರ್ಡೇಶ್ವರದ ಕಡೆ ಓಡುವ ಕಾರುಗಳನ್ನು ನೋಡಿದರೆ ರಸ್ತೆ ದಾಟಲು ಕೈಕಾಲು ನಡುಗುತ್ತದೆ. ಮೀನಿನ ಲಾರಿಗಳಂತೂ ಹೇಳುವುದೇ ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2024ರಲ್ಲಿ ಕ್ಯಾಮೆರಾ ಹಾಕಿ ದಂಡ ಹಾಕಲು ಶುರು ಮಾಡಿದ ಮೇಲೆ ಸಾಯುವವರ ಸಂಖ್ಯೆ ಕಡಿಮೆಯಾಯಿತು. ಅದು ನಮಗೂ ಬೇಕು. ಕಾರವಾರದಿಂದ ಭಟ್ಕಳದ ತನಕ ಬೇಕು, ದೇವಿಮನೆ ಘಟ್ಟದಲ್ಲೂ ಬೇಕು, ಅರಬೈಲ್ ಘಟ್ಟದಲ್ಲೂ ಬೇಕು.

ಕ್ಯಾಮೆರಾ ಜಾಸ್ತಿ ಆದಷ್ಟೂ ತಪ್ಪು ಓದುವುದೂ ಜಾಸ್ತಿ ಆಗುತ್ತದೆ, ಅಲ್ವಾ? ಸಾವಿರ ಫೋಟೋದಲ್ಲಿ ಒಂದೇ ಒಂದು ತಪ್ಪಿದರೂ ಆ ಒಂದು ಯಾರದೋ ಮನೆಗೆ ಬರುತ್ತದೆ. ಬಂದಾಗ ಅವರು ಎಲ್ಲಿಗೆ ಹೋಗಬೇಕು? ನನ್ನ ಪ್ರಶ್ನೆ ಇಷ್ಟೇ.

ಅಜ್ಜನ ವಿಷಯ ಆದ ಮೇಲೆ ನಾನು ಕಾನೂನು ಓದಲು ಶುರು ಮಾಡಿದೆ. ಪರಿಚಯದ ವಕೀಲರೊಬ್ಬರು ಕೂತು ಬಿಡಿಸಿ ಹೇಳಿದರು. ಓದಿದಂತೆ ನನಗೆ ಆಶ್ಚರ್ಯ ಆಯಿತು, ಯಾಕೆಂದರೆ ಕಾನೂನಿನಲ್ಲಿ ಬೇಕಾದಷ್ಟು ಎಚ್ಚರಿಕೆ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಕಲಂ ಬಂತು, ಕ್ಯಾಮೆರಾ ಮೂಲಕ ನಿಗಾ ಇಡಬಹುದು ಎಂದು. ಅದಕ್ಕೆ 2021ರ ಆಗಸ್ಟ್‌ನಲ್ಲಿ 167ಎ ನಿಯಮ ಮಾಡಿದರು. ಅದರಲ್ಲಿ ಹೇಳಿದ್ದು ಹೀಗೆ: ಕ್ಯಾಮೆರಾಕ್ಕೆ ಒಪ್ಪಿಗೆ ಪ್ರಮಾಣಪತ್ರ ಬೇಕು, ಅದನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಮುಂದೆ ಕ್ಯಾಮೆರಾ ಇದೆ ಎಂದು ಜನರಿಗೆ ಕಾಣುವಂತೆ ಬೋರ್ಡ್ ಹಾಕಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸಿನ ಜೊತೆ ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಸ್ಪಷ್ಟವಾಗಿ ಕಾಣುವ ಫೋಟೋ, ಯಂತ್ರ ಅಳೆದದ್ದು ಎಷ್ಟು, ತಾರೀಕು, ಹೊತ್ತು, ಜಾಗ, ಯಾವ ಕಲಂ ಮುರಿದಿದ್ದಾರೆ, ಇಷ್ಟೂ ಇರಬೇಕು. ಮೇಲಿಂದ ಇದು ಎಲೆಕ್ಟ್ರಾನಿಕ್ ಸಾಕ್ಷ್ಯ, ಹಾಗಾಗಿ ಅದಕ್ಕೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವೂ ಬೇಕು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದು ಅದೇ ಮಾತು 63ನೇ ಕಲಮಿನಲ್ಲಿದೆ.

ವೇಗದ ವಿಷಯದಲ್ಲಿ ಇನ್ನೂ ಗಟ್ಟಿ ಮಾತಿದೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ, ಗಾಡಿ ಜೋರಾಗಿ ಹೋಗುತ್ತಿತ್ತು ಎಂದು ಒಬ್ಬ ಸಾಕ್ಷಿ ತನ್ನ ಅಂದಾಜು ಹೇಳಿದ ಮಾತ್ರಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ. ಯಂತ್ರದಿಂದ ಅಳೆದ ಆಧಾರ ಬೇಕು. ಆ ಯಂತ್ರವನ್ನೂ ಸುಮ್ನೆ ನಂಬುವಂತಿಲ್ಲ. ವೇಗ ಅಳೆಯುವ ರೇಡಾರ್ ಯಂತ್ರಗಳನ್ನು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಎಂದು ತೂಕ-ಅಳತೆ ನಿಯಮದಲ್ಲಿ 2025ರ ಜುಲೈ 1ರಿಂದ ಜಾರಿಯಾಗಿದೆ. ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ತೂಗುವ ಅಕ್ಕನ ತಕ್ಕಡಿಗೆ ಮುದ್ರೆ ಇಲ್ಲದಿದ್ದರೆ ಅವಳಿಗೆ ದಂಡ ಹಾಕುತ್ತಾರೆ. ನಮಗೆ ದಂಡ ಹಾಕುವ ಯಂತ್ರಕ್ಕೂ ಮುದ್ರೆ ಇದೆಯಾ ಎಂದು ಆ ಅಕ್ಕ ಕೇಳಬಹುದು. ಕೇಳುವ ಹಕ್ಕಿದೆ. ಕೇಳಲು ಅವಳಿಗೆ ಜಾಗ ಇಲ್ಲ.

ಈ ಎಲ್ಲಾ ಎಚ್ಚರಿಕೆ ಕೆಲಸಕ್ಕೆ ಬರುವುದು ಯಾರಾದರೂ "ನಾನಲ್ಲ" ಎಂದಾಗ ಮಾತ್ರ. ಯಾರೂ ಅನ್ನದಿದ್ದರೆ ಫೋಟೋವನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಮುದ್ರೆಯನ್ನು ಯಾರೂ ಕೇಳುವುದಿಲ್ಲ.

ಮೋಟಾರು ವಾಹನ ಕಾಯ್ದೆ 1988ರ 208ನೇ ಕಲಂ ಓದಿದಾಗ ನನಗೆ ಬೇಜಾರಾಯಿತು. ಸಣ್ಣ ತಪ್ಪುಗಳಿಗೆ ಕೋರ್ಟ್ ಸಮನ್ಸ್ ಕಳಿಸುವಾಗ, ನೀವು ಬನ್ನಿ ಅಥವಾ ವಕೀಲರನ್ನು ಕಳಿಸಿ, ಇಲ್ಲದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ತಪ್ಪೊಪ್ಪಿಗೆ ಬರೆದು ದುಡ್ಡು ಕಳಿಸಿ ಎಂದು ಹೇಳಬಹುದು. ಅಂದರೆ ತಪ್ಪು ಒಪ್ಪಿಕೊಳ್ಳುವವರಿಗೆ ಆಗಿನಿಂದಲೇ ಮನೆಯಲ್ಲಿ ಕೂತು ಮುಗಿಸುವ ದಾರಿ ಇದೆ. ಆಗ ಅಂಚೆ, ಈಗ ಮೊಬೈಲ್. ತಪ್ಪು ಮಾಡಿಲ್ಲ ಅನ್ನುವವರಿಗೆ ಆಗಲೂ ಪ್ರಯಾಣ, ಈಗಲೂ ಪ್ರಯಾಣ. ವರ್ಚುವಲ್ ಕೋರ್ಟ್ 2019ರಲ್ಲಿ ದೆಹಲಿಯಲ್ಲಿ ಮೊದಲು ಶುರುವಾದಾಗ ಜನ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ ಎಂದರು. ನಿಜ, ಒಂದೇ ಕಡೆ ಕೂತ ನ್ಯಾಯಾಧೀಶರು ಎಲ್ಲೆಲ್ಲಿಯ ಚಲನ್ ಬೇಕಾದರೂ ಪರದೆಯ ಮೇಲೆ ನೋಡಬಹುದು. ದಂಡ ತೆಗೆದುಕೊಳ್ಳುವಾಗ ಜಿಲ್ಲೆಯ ಗಡಿ ಅಡ್ಡ ಬರುವುದಿಲ್ಲ. "ನಾನಲ್ಲ" ಎಂದ ಕೂಡಲೇ ಗಡಿ ಎದ್ದು ನಿಲ್ಲುತ್ತದೆ. ಇದು ಸರಿಯಲ್ಲ, ಸ್ವಾಮಿ.

ಲೋಕ ಅದಾಲತ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದಾಲತ್ ಬಗ್ಗೆ ನನಗೆ ಗೌರವ ಇದೆ. ನಮ್ಮ ಊರಿನ ಎಷ್ಟೋ ಜಮೀನಿನ ಜಗಳ, ಚೆಕ್ ಕೇಸು ಅಲ್ಲಿ ಮುಗಿದಿವೆ. ಆದರೆ ಅಲ್ಲಿ ನಡೆಯುವುದು ರಾಜಿ. ಗಾಡಿಯೇ ತನ್ನದಲ್ಲದ ಅಜ್ಜ ಯಾವುದರ ಜೊತೆ ರಾಜಿ ಮಾಡಿಕೊಳ್ಳಬೇಕು? ಅರ್ಧ ದಂಡ ಕಟ್ಟಿದರೂ ಅದು ಅವರದಲ್ಲದ ದಂಡವೇ. ಅದಾಲತ್ತಿನಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿಯೂ ಇಲ್ಲ.

ಇನ್ನು ಆ ಅರ್ಧ ರಿಯಾಯಿತಿ. 2023ರ ಫೆಬ್ರವರಿಯಲ್ಲಿ ಸರಕಾರ ಬಾಕಿ ದಂಡಕ್ಕೆ ಅರ್ಧ ಬಿಟ್ಟಿತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಿಟ್ಟಿತು. ಕಷ್ಟದಲ್ಲಿ ಇರುವವರಿಗೆ ಒಳ್ಳೆಯದಾಯಿತು. ನನ್ನ ಅಂಗಡಿಯಲ್ಲಿ ಮಾತ್ರ ಈಗ ಕೇಳುವ ಮಾತು ಬೇರೆ. "ಈಗ ಯಾಕೆ ಕಟ್ಟುವುದು, ಮುಂದೆ ಅರ್ಧಕ್ಕೆ ಬರುತ್ತದೆ" ಎನ್ನುತ್ತಾರೆ. ಮೆಸೇಜ್ ಬಂದ ದಿನವೇ ಬಂದು ಪೂರ್ತಿ ಕಟ್ಟಿದ ಟೆಂಪೋ ಹುಡುಗನಿಗೆ ಏನು ಸಿಕ್ಕಿತು? ಅವನು ನಿಜವಾಗಿ ಜೋರಾಗಿ ಓಡಿಸಿದ್ದ, ಹಾಗೆಂದು ಅವನೇ ಹೇಳಿ ಕಟ್ಟಿದ. ಅಂಥವನಿಗೆ ಬೆಲೆ ಇಲ್ಲದಂತಾಯಿತು.

ಎಲ್ಲರೂ ಅಜ್ಜನ ಹಾಗೆ ತಪ್ಪಿಲ್ಲದವರು ಎಂದೂ ನಾನು ಹೇಳುವುದಿಲ್ಲ. ಮಿರ್ಜಾನ್ ಕಡೆಯ ಒಬ್ಬರು ಅಕ್ಕ ಬಂದಿದ್ದರು. ಸ್ಕೂಟಿ ಮಾರಿ ಎಷ್ಟೋ ಕಾಲ ಆಗಿದೆ, ಚಲನ್ ಇವರ ಹೆಸರಿಗೇ ಬರುತ್ತಿದೆ. ಮಾರುವಾಗ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದರು, ತೆಗೆದುಕೊಂಡವರು ಆರ್‌ಟಿಒಗೆ ಕೊಡಲೇ ಇಲ್ಲ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರೂ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಇಲ್ಲಿ ಕ್ಯಾಮೆರಾದ ತಪ್ಪಿಲ್ಲ, ತಪ್ಪು ನಮ್ಮದು. ದಯವಿಟ್ಟು ಓದುತ್ತಿರುವ ಎಲ್ಲರೂ, ಗಾಡಿ ಮಾರಿದರೆ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿಕೊಂಡೇ ಬಿಡಿ. ಆದರೂ ಆ ಅಕ್ಕನಿಗೆ ಒಂದು ಮಾತು ಹೇಳಲು ಅವಕಾಶ ಬೇಕಲ್ಲ. ಓಡಿಸಿದವರು ಯಾರು ಎಂದು ಕೇಳಿದರೆ ಮಾಲೀಕರು ಹೇಳಬೇಕು ಎಂದು 133ನೇ ಕಲಂ ಇದೆ. ಅಕ್ಕ ಹೇಳಲು ತಯಾರಿದ್ದಾರೆ, ಹೆಸರು ಕೊಡುತ್ತಾರೆ, ಮಾರಿದ ಕಾಗದ ತೋರಿಸುತ್ತಾರೆ. ಮೊಬೈಲ್ ಪರದೆಯಲ್ಲಿ ಅದನ್ನು ಯಾರಿಗೆ ಹೇಳುವುದು?

ಇದರ ನಡುವೆ ಕಳ್ಳ ಮೆಸೇಜುಗಳ ಕಾಟ ಬೇರೆ. ಚಲನ್ ಬಂದಿದೆ, ಈ ಫೈಲ್ ತೆರೆಯಿರಿ ಎಂದು ವಾಟ್ಸಾಪಿಗೆ ಎಪಿಕೆ, ಅಂದರೆ ಕಳ್ಳ ಆ್ಯಪಿನ ಫೈಲ್, ಕಳಿಸುತ್ತಾರೆ. ತೆರೆದರೆ ಬ್ಯಾಂಕಿನ ದುಡ್ಡು ಹೋಗುತ್ತದೆ. ಆ ಹೆದರಿಕೆಗೆ ಎಷ್ಟೋ ಜನ ನಿಜವಾದ ಮೆಸೇಜನ್ನೂ ಅಳಿಸಿ ಹಾಕುತ್ತಾರೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಲು ಹೋದಾಗ ಬಾಕಿ ಇದೆ ಎಂದು ಗೊತ್ತಾಗುತ್ತದೆ. ಬಂದದ್ದು ನಿಜವಾ ಸುಳ್ಳಾ ಎಂದು ಹೇಳುವವರು ಊರಿನಲ್ಲಿ ಯಾರು? ಸದ್ಯಕ್ಕೆ ನನ್ನಂಥ ಝೆರಾಕ್ಸ್ ಅಂಗಡಿಯವರು. ಇದು ನಮ್ಮ ಕೆಲಸ ಆಗಬಾರದು. ನಾವು ತಪ್ಪು ಹೇಳಿದರೆ ಕೇಳುವವರಿಲ್ಲ.

ನಮ್ಮ ಜಿಲ್ಲೆ ಎಷ್ಟು ಉದ್ದ ಎಂದು ನಿಮಗೆ ನಾನು ಹೇಳಬೇಕಿಲ್ಲ. ಭಟ್ಕಳದಿಂದಾಗಲಿ, ಶಿರಸಿಯಿಂದಾಗಲಿ ಕಾರವಾರಕ್ಕೆ ಹೋಗಬೇಕೆಂದರೆ ನೂರು ಕಿಲೋಮೀಟರಿಗೂ ಜಾಸ್ತಿ. ಮಳೆಗಾಲದಲ್ಲಿ ರಸ್ತೆಯೇ ಇರುತ್ತದೆಯೋ ಇಲ್ಲವೋ ಎನ್ನುವಂತೆ ಆಗಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮುಂದಿನ ತಿಂಗಳು ಕಾಳಿ ನದಿಯ ಹಳೇ ಸೇತುವೆ ಬಿತ್ತು. ಜಿಲ್ಲೆಯೊಳಗಿನ ತಿರುಗಾಟವೇ ಇಷ್ಟು ಕಷ್ಟ ಇರುವಾಗ, ಬೇರೆ ಜಿಲ್ಲೆಯ ಕೋರ್ಟಿಗೆ 500 ರೂಪಾಯಿಯ ಕೇಸಿಗಾಗಿ ಹೋಗಿ ಎಂದರೆ ಹೋಗಬೇಡಿ ಎಂದ ಹಾಗೆಯೇ.

ಹಾಗಾಗಿ ಕೇಳುತ್ತಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಎಲ್ಲಾ ಕಡೆ ನಿಮ್ಮ ಕೋರ್ಟುಗಳಿವೆ. ತಿಂಗಳಿಗೆ ಒಂದು ಮಧ್ಯಾಹ್ನ, ದಿನ ಗೊತ್ತು ಮಾಡಿ, ಕ್ಯಾಮೆರಾ ಕೇಸಿನವರು ಬನ್ನಿ ಎಂದು ಹೇಳಿ. ಬೇರೆ ಜಿಲ್ಲೆಯ ಕೇಸಾದರೆ ಇಲ್ಲಿಂದಲೇ ವಿಡಿಯೋದಲ್ಲಿ ಆ ಕೋರ್ಟಿನ ಮುಂದೆ ನಿಲ್ಲುವ ವ್ಯವಸ್ಥೆ ಮಾಡಿ. ಇದು ಹೊಸ ಕಾನೂನು ಬೇಡುವ ಮಾತಲ್ಲ. ಹಳೇ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ವಿಚಾರಣೆಯನ್ನೇ ಎಲೆಕ್ಟ್ರಾನಿಕ್ ರೀತಿಯಲ್ಲಿ ನಡೆಸಬಹುದು ಎನ್ನುತ್ತದೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದರಡಿಯ ಇ-ಸೇವಾ ಕೇಂದ್ರಗಳ ಕೆಲಸದ ಪಟ್ಟಿಯಲ್ಲಿ ವರ್ಚುವಲ್ ಕೋರ್ಟಿನ ಟ್ರಾಫಿಕ್ ಚಲನ್‌ಗೆ ನೆರವಾಗುವುದೂ ಸೇರಿದೆ. ಆ ನೆರವು ದುಡ್ಡು ಕಟ್ಟಿಸುವುದಕ್ಕೆ ಮಾತ್ರ ನಿಲ್ಲಬಾರದು. ಎರಡನೇ ಬಟನ್ ಒತ್ತುವವರಿಗೂ ಸಿಗಬೇಕು.

ಇನ್ನೊಂದು, ಇದು ಮೇಲಿನವರಿಗೆ ನೀವು ಬರೆಯಬೇಕಾದದ್ದು. ಸಮನ್ಸ್ ಹೋಗುವ ಮೊದಲು ಫೋಟೋದಲ್ಲಿರುವ ಗಾಡಿ ಮತ್ತು ನೋಂದಣಿ ದಾಖಲೆಯ ಗಾಡಿ ಒಂದೇ ಜಾತಿಯದ್ದಾ ಎಂದು ಒಬ್ಬ ಮನುಷ್ಯ ಕಣ್ಣು ಹಾಯಿಸಲಿ. ಎಕ್ಸೆಲ್ ಯಾವುದು, ಬೈಕ್ ಯಾವುದು ಎಂದು ನಮ್ಮ ಊರಿನ ಐದು ವರ್ಷದ ಮಗುವಿಗೂ ಗೊತ್ತು. "ನಾನಲ್ಲ" ಎಂದವರ ಕೇಸು ಮುಗಿಯುವ ತನಕ ಎಫ್‌ಸಿ, ಹೆಸರು ಬದಲಾವಣೆ ತಡೆಹಿಡಿಯದಿರಲಿ. ತಡೆದರೆ ಟೆಂಪೋ, ರಿಕ್ಷಾ ಓಡಿಸಿ ಹೊಟ್ಟೆ ಹೊರೆಯುವವರು ಅದಕ್ಕೇ ಹೆದರಿ ಕಟ್ಟುತ್ತಾರೆ. ನೋಟಿಸಿನಲ್ಲಿ ಕನ್ನಡ ಇರಲಿ, ಓದಿದರೆ ತಿಳಿಯುವ ಕನ್ನಡ.

ಪ್ರಾಧಿಕಾರದವರಲ್ಲಿ ಒಂದು ಮನವಿ. ನಿಮ್ಮ 15100 ಸಹಾಯವಾಣಿ ನಂಬರ್ ಇದೆ, ತಾಲೂಕು ಸಮಿತಿಗಳಿವೆ, ಅರೆಕಾನೂನು ಸ್ವಯಂಸೇವಕರಿದ್ದಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ ಎಂದು ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಇದು ಚಲನ್ ಬಂದ ಮೀನುಗಾರ ಹೆಂಗಸಿಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಒಬ್ಬರು ಕೋರ್ಟಿನ ಆವರಣದಲ್ಲಿ ಮೇಜು ಹಾಕಿ ಕೂತರೆ ಸಾಕು. ಬಂದ ಮೆಸೇಜ್ ನಿಜವಾ, ಫೋಟೋದಲ್ಲಿ ಇರುವುದು ನಿಮ್ಮ ಗಾಡಿಯಾ, ಇಷ್ಟು ನೋಡಿ ಹೇಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಬೇಕಿದ್ದರೆ ನನ್ನ ಅಂಗಡಿಯ ಪ್ರಿಂಟರ್ ಆ ದಿನ ತಂದಿಡುತ್ತೇನೆ. ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ.

ಕೊನೆಗೆ ಅಜ್ಜನ ವಿಷಯ. ಹೋದ ತಿಂಗಳು ಮತ್ತೆ ಬಂದರು. ಇನ್ನೊಂದು ಮೆಸೇಜ್, ಅದೇ ನಗರ, ಅದೇ ಬೈಕು. ಈ ಸಲ ಹಿಂದೆ ಕೂತ ಹುಡುಗ ಬೇರೆ. ಮೊದಲಿನದನ್ನು ಒಪ್ಪಿಕೊಂಡು ಕಟ್ಟಿದ್ದರಿಂದ ಅಲ್ಲಿ ಯಾರೂ ಏನೂ ಸರಿಮಾಡಿಲ್ಲ. ಅಜ್ಜ ಮತ್ತೆ ಸಂಚಿಗೆ ಕೈ ಹಾಕಿದರು. ನಾನು ಬೇಡ ಎಂದೆ. ಎಕ್ಸೆಲ್ಲನ್ನು ಅಂಗಡಿಯ ಎದುರು ನಿಲ್ಲಿಸಿ, ಹಿಂದಿನ ಹಲಗೆ ಮತ್ತು ನಂಬರ್ ಎರಡೂ ಕಾಣುವ ಹಾಗೆ ನಾಲ್ಕು ಫೋಟೋ ತೆಗೆದೆವು. ಆರ್‌ಸಿ ಪ್ರತಿ, ಕ್ಯಾಮೆರಾದ ಎರಡೂ ಚಿತ್ರ, ಹಳೇ ರಸೀದಿ, ಎಲ್ಲವನ್ನೂ ಒಂದು ಫೈಲಿಗೆ ಹಾಕಿದ್ದೇವೆ. ಈ ಸಲ ಎರಡನೇ ಬಟನ್ ಒತ್ತಿದ್ದೇವೆ.

ಆ ಫೈಲ್ ಹಿಡಿದುಕೊಂಡು ಮುಂದಿನ ಸೋಮವಾರ ಅಜ್ಜನ ಜೊತೆ ನಾನೂ ಅಂಗಡಿ ಮುಚ್ಚಿ ಕಾರವಾರಕ್ಕೆ, ಪ್ರಾಧಿಕಾರದ ಕಚೇರಿಗೆ ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಯಾವ ಬಾಗಿಲಿಗೆ ಬರಬೇಕು ಎಂದು ಅಷ್ಟರೊಳಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಕುಮಟಾದ ಝೆರಾಕ್ಸ್ ಅಂಗಡಿಯವಳು